ಹಳದಿ ಗೆರೆ ಕಾಯುವ ಗದಿಗೆಮ್ಮ

ನನ್ನ ಅಕ್ಷರ ಚೆನ್ನಾಗಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಊರಿನ ಕನ್ನಡ ಶಾಲೆಯಲ್ಲಿ ಆರನೆಯ ಇಯತ್ತೆಯವರೆಗೆ ಓದಿದೆ. ಹೈದರಾಬಾದಿಗೆ ಬಂದ ಮೇಲೆ ತೆಲುಗು ಶಾಲೆಗೆ ಹಾಕಿದರು. ಅಲ್ಲಿ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಒಂಬತ್ತನೆಯದರಲ್ಲಿ ಬಿಟ್ಟುಬಿಟ್ಟೆ. ಈಗಲೂ ಬರೆಯುವಾಗ ತೆಲುಗಿನ ತಲೆಕಟ್ಟು ಬಂದು ಕನ್ನಡದ ಅಕ್ಷರದ ಮೇಲೆ ಕೂರುತ್ತದೆ. ಅಚ್ಚಿಗೆ ಜೋಡಿಸುವವರಿಗೆ ತೊಂದರೆಯಾಗಬಾರದೆಂದು ಪ್ರತಿ ಪುಟವನ್ನೂ ಮತ್ತೊಮ್ಮೆ ಬರೆದಿದ್ದೇನೆ. ಮಾತು ತಪ್ಪಿದ್ದರೆ ತಿದ್ದಿಕೊಳ್ಳಿ. ನಡೆದದ್ದನ್ನು ಮಾತ್ರ ಹಾಗೆಯೇ ಇರಲು ಬಿಡಿ.

ಇಲ್ಲಿಯ ಕನ್ನಡ ಸಂಘದ ಸಂಚಿಕೆಗೆ ನಿಮ್ಮ ಹತ್ತಿರದ ಒಬ್ಬರ ಬಗ್ಗೆ ಬರೆಯಿರಿ ಎಂದು ಕೇಳಿದ್ದೀರಿ. ನನ್ನ ಹತ್ತಿರ ದಿನವಿಡೀ ನಿಲ್ಲುವವರು ಗದಿಗೆಮ್ಮ. ನಾನು ಅವರನ್ನು ಅತ್ತಿ ಎಂದು ಕರೆಯುತ್ತೇನೆ, ಸಂಬಂಧವೇನಿಲ್ಲ.

ನಾವು ಕೆಲಸ ಮಾಡುವುದು ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಯ ಆಚೆ ಇರುವ ಒಂದು ತಗಡಿನ ಶೆಡ್ಡಿನಲ್ಲಿ. ಅದನ್ನು ಬಾಡಿಗೆಗೆ ಹಿಡಿದು ಕೆಲಸ ನಡೆಸುವವರು ಹಣಮಂತರಾಯರು. ಅವರು ಮೊದಲು ಬೇರೆ ಬೇರೆ ಗಣಿಗಳಲ್ಲಿ ಕೆಲಸ ಮಾಡಿದವರು. ಚಿನ್ನದ ಗಣಿಯವರು ತಮ್ಮ ಕಲ್ಲನ್ನು ಚೀಲದಲ್ಲಿ ತುಂಬಿ ನಮ್ಮಲ್ಲಿಗೆ ಕಳಿಸುತ್ತಾರೆ. ಆ ಕಲ್ಲಿನಿಂದ ಹೆಚ್ಚು ಚಿನ್ನವನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವುದು ಹೇಗೆ ಎಂದು ಪರೀಕ್ಷೆ ಮಾಡಿ ಹೇಳುವುದು ನಮ್ಮ ಕೆಲಸ.

ಒಂದು ಎತ್ತಿನ ಗಾಡಿ ತುಂಬ ಕಲ್ಲು ಕುಟ್ಟಿದಾಗ ಒಂದು ನತ್ತಿಗೆ ಆಗುವಷ್ಟು ಚಿನ್ನ ಸಿಕ್ಕರೆ ಅದು ಒಳ್ಳೆಯ ಕಲ್ಲು. ಅಷ್ಟಕ್ಕಾಗಿ ಇಡೀ ಗಾಡಿ ಕಲ್ಲನ್ನು ಹಿಟ್ಟಿನ ಹಾಗೆ ಬೀಸಬೇಕು, ಅದಕ್ಕೆ ಕರೆಂಟು. ಹಿಟ್ಟಿನಿಂದ ಚಿನ್ನವನ್ನು ಕರಗಿಸಿ ತೆಗೆಯಲು ಸಯನೈಡ್ ಎಂಬ ವಿಷ ಬೇಕು. ಗಣಿಯ ಖರ್ಚಿನಲ್ಲಿ ದೊಡ್ಡ ಪಾಲು ಈ ಎರಡಕ್ಕೇ ಹೋಗುತ್ತದೆ ಎಂದು ರಾಯರು ಹೇಳುತ್ತಾರೆ. ಅವರ ವಿಚಾರ ಇಷ್ಟು: ಮೊದಲು ಕಲ್ಲನ್ನು ರವೆಯಷ್ಟು ದಪ್ಪಗೆ ಬೀಸಿ, ಬರಿ ನೀರಿನಲ್ಲಿ ತೊಳೆದು, ಸಿಕ್ಕಷ್ಟು ಚಿನ್ನವನ್ನು ತೆಗೆದುಬಿಡುವುದು. ಉಳಿದದ್ದನ್ನು ಮಾತ್ರ ಹಿಟ್ಟು ಮಾಡಿ ವಿಷಕ್ಕೆ ಹಾಕುವುದು.

"ರವೆಯೊಳಗs ಸಿಗೋದನ್ನ ಹಿಟ್ಟು ಮಾಡಿ ಯಾಕ ಹುಡುಕಬೇಕು?" ಎಂದು ಬಂದವರಿಗೆಲ್ಲ ಅವರು ಕೇಳುತ್ತಾರೆ.

ಆ ರವೆಯನ್ನು ತೊಳೆಯುವ ಟೇಬಲ್ಲು ಗದಿಗೆಮ್ಮನದು. ಬಾಗಿಲಿನಷ್ಟು ದೊಡ್ಡದು, ಒಂದು ಬದಿಗೆ ಸ್ವಲ್ಪ ವಾಲಿದೆ, ಮೈಮೇಲೆ ರಬ್ಬರಿನ ಹಾಸು ಮತ್ತು ಸಣ್ಣ ಸಣ್ಣ ಏಣುಗಳು. ಮೋಟಾರು ಅದನ್ನು ಮೊರದಂತೆ ಎಳೆದು ಜಾಡಿಸುತ್ತಿರುತ್ತದೆ. ಮೇಲಿನಿಂದ ನೀರು ಹರಿಯುತ್ತದೆ. ಹಗುರ ಮರಳು ನೀರಿನ ಜೊತೆ ಏಣು ದಾಟಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಭಾರದ ಕರಿ ಮರಳು ಟೇಬಲ್ಲಿನ ತುದಿಗೆ ಸರಿಯುತ್ತದೆ. ಎಲ್ಲ ಸರಿಯಾಗಿದ್ದರೆ ಆ ಕರಿಯ ಅಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಕಾಣುತ್ತದೆ. ಅದೇ ಚಿನ್ನ. ಆ ಗೆರೆ ಕದಲದಂತೆ ನೀರು ಹೆಚ್ಚು ಕಡಿಮೆ ಮಾಡುತ್ತ, ಅದನ್ನು ತಟ್ಟೆಗೆ ಬೀಳಿಸಿಕೊಳ್ಳುವುದು ಗದಿಗೆಮ್ಮನ ಕೆಲಸ. ತಟ್ಟೆ ತೊಳೆಯುವುದು, ತೊಟ್ಟಿ ಒರೆಸುವುದು ನನ್ನ ಕೆಲಸ.

ಗದಿಗೆಮ್ಮ ಲಿಂಗಸೂಗೂರಿನ ಕಡೆಯವರು. ಅವರ ಊರಿನ ಹಳ್ಳದಲ್ಲಿ ಮಳೆ ಬಂದು ಹೋದ ಮೇಲೆ ಅವರ ಅವ್ವ ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನದ ಪುಡಿ ಹುಡುಕುತ್ತಿದ್ದರಂತೆ. ಪಕ್ಕದಲ್ಲಿ ಕೂತು ಕೈ ಹೇಗೆ ತಿರುಗಿಸಬೇಕೆಂದು ಇವರು ಕಲಿತರು. ಮದುವೆಯಾದ ಮೇಲೆ ಗಂಡ ಮೌನಪ್ಪನ ಜೊತೆ ಇಲ್ಲಿಗೆ ಬಂದರು. ಮಾಧಾಪುರದ ಕಡೆ ಏಳುತ್ತಿರುವ ಗಾಜಿನ ಕಟ್ಟಡಗಳಿಗೆ ಇಬ್ಬರೂ ಸಿಮೆಂಟು ಹೊತ್ತಿದ್ದಾರೆ. ಮೌನಪ್ಪ ಈಗಲೂ ಅಲ್ಲೇ ಇದ್ದಾರೆ, ಭಾನುವಾರ ಮನೆಗೆ ಬರುತ್ತಾರೆ. ಗದಿಗೆಮ್ಮ ಒಮ್ಮೆ ಚೀಲ ಇಳಿಸುವ ಕೂಲಿಗೆಂದು ನಮ್ಮ ಶೆಡ್ಡಿಗೆ ಬಂದವರು ಟೇಬಲ್ಲಿನ ಮುಂದೆ ನಿಂತುಬಿಟ್ಟರು. "ಇದು ನಮ್ಮವ್ವನ ಮರಿಗಿ ಐತಲ್ಲರಿ, ಮೋಟಾರು ಹಚ್ಚೀರಿ" ಎಂದರು. ರಾಯರು ನಕ್ಕು ಅವರನ್ನು ಅಲ್ಲೇ ಇಟ್ಟುಕೊಂಡರು.

ಅವರು ಹೆಚ್ಚು ಮಾತಾಡುವವರಲ್ಲ. ನನಗೆ ಅದು ಹಿಡಿಸಿತು. ಟೇಬಲ್ಲಿನ ಜೊತೆ ಮಾತ್ರ ಮಾತಾಡುತ್ತಾರೆ. "ಸಾವಕಾಶ ಯವ್ವಾ, ಸಾವಕಾಶ" ಎನ್ನುತ್ತಾರೆ.

ಕಲ್ಲು ಬೀಸುವ ನಮ್ಮ ಮಿಲ್ಲು ನಡೆಸುವವನು ಭೀಮಾಶಂಕರ. ಅವನ ಬಾಯಿ ಮಿಲ್ಲಿಗಿಂತ ಜೋರು. "ಏನ್ ಗದಿಗೆಮ್ಮಕ್ಕ, ಊರಿಗೂರs ಕಂಪ್ಯೂಟರ್ ಮುಂದ ಕುಂತು ದುಡ್ಯಾಕತ್ತೈತಿ. ನಾವ್ ನೋಡು, ಕಲ್ಲು ತೊಳಕೋಂತ ಕುಂತೀವಿ" ಎಂದು ಚುಡಾಯಿಸುತ್ತಿದ್ದ.

"ಕಂಪ್ಯೂಟರ್‌ನಾಗೂ ಬಂಗಾರ ಇರತೈತಂತ, ಸುವರ್ಣಾಬಾಯಾರು ಹೇಳ್ಯಾರ. ಅದನ್ನ ಯಾರೋ ಒಬ್ಬರು ಕಲ್ಲಿನಾಗಿಂದ ತೊಳದs ತಗದಿರಬೇಕಲ್ಲೋ" ಎಂದು ಗದಿಗೆಮ್ಮ ತಲೆ ಎತ್ತದೆ ಹೇಳಿದ್ದರು.

ಸುವರ್ಣಕ್ಕ ನಮ್ಮಲ್ಲಿ ಚಿನ್ನ ಎಷ್ಟಿದೆ ಎಂದು ಪರೀಕ್ಷೆ ಮಾಡುವವರು. ನಾರಾಯಣಗೂಡದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದಾರೆ. ಅವರ ಗೆಳತಿಯರೆಲ್ಲ ಕಂಪ್ಯೂಟರ್ ಕ್ಲಾಸಿಗೆ ಸೇರಿದರು, ಇವರು ಇಲ್ಲಿಗೆ ಬಂದರು. ಶೆಡ್ಡಿನ ಮಾಲೀಕನಿಗೂ ಈ ಜಾಗವನ್ನು ಕಂಪ್ಯೂಟರ್ ಕ್ಲಾಸಿಗೆ ಬಾಡಿಗೆ ಕೊಡುವ ಆಸೆ. ದಸರೆಯ ಹೊತ್ತಿಗೆ ರಾಯರಿಗೆ ಅದೇ ಚಿಂತೆಯಾಗಿತ್ತು. ಒಂದು ಗಣಿಯವರು ಚೀಲ ಕಳಿಸಿದ್ದರು. ಮೊದಲ ಪರೀಕ್ಷೆ ಬಹಳ ಚೆನ್ನಾಗಿ ಬಂದಿತ್ತು, ಕಲ್ಲಿನೊಳಗಿನ ಚಿನ್ನದಲ್ಲಿ ಅರ್ಧಕ್ಕಿಂತ ಹೆಚ್ಚು ಟೇಬಲ್ಲಿನ ಮೇಲೆಯೇ ಸಿಕ್ಕಿತ್ತು. ಹಬ್ಬ ಮುಗಿದ ಮೇಲೆ ಬಂದು ಕಣ್ಣಾರೆ ನೋಡುತ್ತೇವೆ ಎಂದು ಅವರು ಹೇಳಿ ಕಳಿಸಿದ್ದರು.

ಆಯುಧ ಪೂಜೆಯ ದಿನ ನಾನು ನೀರು ತುಂಬಲು ಬೇಗ ಹೋಗಿದ್ದೆ. ಗದಿಗೆಮ್ಮ ಇನ್ನೂ ಬೇಗ ಬಂದಿದ್ದರು. ಟೇಬಲ್ಲನ್ನು ತೊಳೆದು, ಒರೆಸಿ, ಅಂಗೈಯಲ್ಲಿ ಎಣ್ಣೆ ಹಾಕಿಕೊಂಡು ಅದರ ಮೈಗೆ ತಿಕ್ಕುತ್ತಿದ್ದರು. ಕೂಸಿಗೆ ಎಣ್ಣೆ ಹಚ್ಚಿದ ಹಾಗೆ. "ನಮ್ಮವ್ವ ಮಾನೌಮಿಗೆ ಮರಿಗಿಗೆ ಹಿಂಗs ಹಚ್ತಿದ್ಲು. ವರ್ಷಾ ದುಡೀತಾಳ ಇಕಿ, ಒಂದಿನಾನರ ಎಣ್ಣಿ ಬ್ಯಾಡೇನು?" ಎಂದರು. ಆಮೇಲೆ ಬಟ್ಟೆಯಿಂದ ಒರೆಸಿದರು. ಉಳಿದವರು ಬರುವ ಹೊತ್ತಿಗೆ ಕಾಲುಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂ ಏರಿಸಿಯಾಗಿತ್ತು. ಎಲ್ಲರೂ ಕೈಮುಗಿದರು.

ಹಬ್ಬದ ಮರುದಿನದ ಪರೀಕ್ಷೆಯಲ್ಲಿ ಹಳದಿ ಗೆರೆ ತೆಳ್ಳಗಿತ್ತು. ಸಂಜೆ ಸುವರ್ಣಕ್ಕ ತಮ್ಮ ಕೋಣೆಯಿಂದ ಹೊರಗೆ ಬಂದಾಗ ಅವರ ಮುಖ ಬಿಳಚಿಕೊಂಡಿತ್ತು.

"ಮೊದಲಿನ ಅರ್ಧಾನೂ ಬಂದಿಲ್ಲರಿ ಸರ್."

"ಕಲ್ಲು ಅದೇ ಚೀಲದ್ದೇನು?" ರಾಯರು ಕೇಳಿದರು.

"ಅದೇ ಚೀಲರಿ. ಟೇಬಲ್ಲಿಗೆ ಹಾಕೋತನಕಾ ಬಂಗಾರ ಐತಿ. ತೊಟ್ಟಿಯೊಳಗ ಕುಂತ ಮರಳೂ ನೋಡೀನಿ. ಅದರಾಗೂ ಇಲ್ಲ."

ಟೇಬಲ್ಲಿನ ಮೇಲೆ ಹೋದ ಚಿನ್ನ ತಟ್ಟೆಯಲ್ಲೂ ಇಲ್ಲ, ತೊಟ್ಟಿಯಲ್ಲೂ ಇಲ್ಲ. ಟೇಬಲ್ಲಿನ ಹತ್ತಿರ ನಿಲ್ಲುವವರು ಗದಿಗೆಮ್ಮ.

ಭೀಮಾಶಂಕರ ಬೀಡಿ ಹಚ್ಚುತ್ತ, "ಬಂಗಾರಕ್ಕ ಕಾಲು ಬಂದಾವ ನೋಡ್ರಿ. ಇಲ್ಲಾಂದ್ರ ಸೆರಗು ಬಂದಿರಬೇಕು" ಎಂದ. ತಮಾಷೆ ಎಂಬಂತೆ ಹೇಳಿದ.

ಮರುದಿನವೂ ಹಾಗೆಯೇ ಆಯಿತು. ಆ ಸಂಜೆ ರಾಯರು ನೆಲ ನೋಡುತ್ತ, "ಸುವರ್ಣಾ, ಟೇಬಲ್ ಮುಟ್ಟಿದವರದು ಝಡ್ತಿ ತಗೋರಿ" ಎಂದರು. ಝಡ್ತಿ ಎಂದರೆ ಮೈ ತಡವಿ ನೋಡುವುದು. ಸುವರ್ಣಕ್ಕ ಎದ್ದು ಬಂದರು, ಆದರೆ ಅವರ ಕೈ ಮುಂದೆ ಹೋಗಲಿಲ್ಲ. ಗದಿಗೆಮ್ಮನೇ ಎರಡೂ ಕೈ ಎತ್ತಿ ನಿಂತರು. ಬಳೆ ಸರಿಸಿ ತೋರಿಸಿದರು. ಸೆರಗಿನ ಗಂಟು ಬಿಚ್ಚಿದರು. ಅಡಿಕೆ ಚೂರು, ಒಂದು ಪಿನ್ನು, ಮಡಚಿದ ಬಸ್ ಟಿಕೀಟು ಬಿದ್ದವು. ಅವನ್ನು ಒಂದೊಂದಾಗಿ ಆರಿಸಿಕೊಂಡು ಮತ್ತೆ ಗಂಟು ಹಾಕಿದರು. ಯಾರ ಮುಖವನ್ನೂ ನೋಡಲಿಲ್ಲ.

ದಾರಿಯಲ್ಲಿ ಹಳಿ ದಾಟುವಾಗ ನನಗೆ ಒಂದು ಮಾತು ಹೇಳಿದರು. "ದಾನಮ್ಮ, ಕೆಲಸ ಹೋದ್ರ ಇನ್ನೊಂದು ಸಿಗತೈತಿ. ಮಾಧಾಪುರದಾಗ ಕಲ್ಲು ಹೊರೋರೆಲ್ಲ ನಮ್ಮ ಕಡೇವ್ರs. ಕಳ್ಳಿ ಅನಿಸ್ಕೊಂಡು ಹೊಂಟ್ರ ಆ ಮಾತು ನನಕಿಂತ ಮುಂಚೆ ಊರು ಮುಟ್ಟತೈತಿ." ನಾನು ಅವರ ಚೀಲ ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಹೋದಾಗ ಟೇಬಲ್ಲಿನ ಮುಂದೆ ದೀಪ ಉರಿಯುತ್ತಿತ್ತು. ಗದಿಗೆಮ್ಮ ಮತ್ತೆ ಎಣ್ಣೆ ತಿಕ್ಕುತ್ತಿದ್ದರು, ಮೊದಲಿಗಿಂತ ಹೆಚ್ಚು. "ಯವ್ವಾ, ನನ್ನ ಮ್ಯಾಲೆ ಯಾಕಿಷ್ಟು ಸಿಟ್ಟು? ಹಬ್ಬದಾಗ ಏನು ಕಡಿಮಿ ಮಾಡಿದ್ನಿ?" ಎನ್ನುತ್ತಿದ್ದರು. ಆ ದಿನ ಗೆರೆ ಕಾಣಿಸಲೇ ಇಲ್ಲ.

ಸಂಜೆ ರಾಯರು, "ನಾಡಿದ್ದು ಗಣಿಯವರು ಬರ್ತಾರ. ನಾಳೆನೂ ಹಿಂಗಾದ್ರ, ಗದಿಗೆಮ್ಮಾ, ನೀ ಈ ಕಡೆ ಬರೋದು ಬ್ಯಾಡ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಕೊನೆಯ ಪರೀಕ್ಷೆಯ ದಿನ ನಾನು ತೊಟ್ಟಿಯ ಹತ್ತಿರ ಕೂತಿದ್ದೆ. ತೊಟ್ಟಿಯಲ್ಲಿ ಮರಳು ಕೂತು, ಮೇಲಿನ ನೀರು ತುಂಬಿ ಹೊರಗಿನ ಗಟಾರಕ್ಕೆ ಹರಿದು ಹೋಗುತ್ತದೆ. ನೀರು ಹೊರಬೀಳುವ ಅಂಚಿಗೆ ಹಳದಿ ಕೆನೆಯಂಥದ್ದು ಅಂಟಿತ್ತು. ಹಬ್ಬದ ನಂತರ ದಿನವೂ ಇರುತ್ತಿತ್ತು. ಪೂಜೆಯ ಅರಿಶಿನ ಎಂದು ಎಲ್ಲರೂ ಅಂದುಕೊಂಡಿದ್ದೆವು. ದಿನವೂ ಅದನ್ನು ಒರೆಸುತ್ತಿದ್ದ ಬಟ್ಟೆ ತೆಗೆದುಕೊಂಡೆ. ಬಟ್ಟೆಯನ್ನು ನೋಡಿದೆ. ಅರಿಶಿನ ಒರೆಸಿದ ಬಟ್ಟೆ ಎಷ್ಟು ತೊಳೆದರೂ ಹಳದಿಯಾಗಿಯೇ ಉಳಿಯುತ್ತದೆ. ಈ ಬಟ್ಟೆಗೆ ಬಣ್ಣವೇ ಹತ್ತಿರಲಿಲ್ಲ.

ಬೆರಳಿನಿಂದ ಆ ಕೆನೆಯನ್ನು ಮುಟ್ಟಿದೆ. ಬೆರಳ ತುದಿಯಲ್ಲಿ ಸಣ್ಣ ಕಣಗಳು ಬಂದವು, ಹೊಳೆಯುತ್ತಿದ್ದವು. ಮಿಲ್ಲಿನ ಸದ್ದಿನಲ್ಲಿ ಕೂಗಿದರೆ ಯಾರಿಗೂ ಕೇಳುವುದಿಲ್ಲ, ನನಗೆ ಕೂಗಲು ಬರುವುದೂ ಇಲ್ಲ. ಬೆರಳನ್ನು ಮೇಲೆತ್ತಿ ಹಿಡಿದುಕೊಂಡು, ಗಾಳಿಗೆ ಹಾರದಂತೆ ಇನ್ನೊಂದು ಕೈ ಅಡ್ಡ ಇಟ್ಟು, ಗದಿಗೆಮ್ಮನ ಹತ್ತಿರ ಹೋದೆ.

ಅವರು ನನ್ನ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದರು. ಒಂದು ಕಣವನ್ನು ಉಗುರಿನಿಂದ ಒತ್ತಿದರು. ಅದು ಪುಡಿಯಾಗಲಿಲ್ಲ, ಚಪ್ಪಟೆಯಾಯಿತು. ಅವರು ಕೈ ಚಾಚಿ ಮೋಟಾರು ನಿಲ್ಲಿಸಿದರು. ಪರೀಕ್ಷೆಯ ನಡುವೆ ಅವರು ಎಂದೂ ಹಾಗೆ ಮಾಡಿದವರಲ್ಲ.

"ಯಾಕ ನಿಲ್ಲಿಸಿದಿ? ಇನ್ನ ಏನು ಮುಚ್ಚಿಡೋದೈತಿ?" ಭೀಮಾಶಂಕರ ಮಿಲ್ಲು ಬಂದ್ ಮಾಡಿ ಕೂಗಿದ.

ರಾಯರೂ ಸುವರ್ಣಕ್ಕನೂ ಓಡಿ ಬಂದರು. ನಾನು ಬೆರಳು ತೋರಿಸಿದೆ. ಸುವರ್ಣಕ್ಕ ಒಂದು ಬಟ್ಟಲಿನಲ್ಲಿ ನೀರು ತಂದು, "ಇದರಾಗ ಅದ್ದು" ಎಂದರು. ಅದ್ದಿದೆ. ಕಣಗಳು ನೀರಿನ ಮೇಲೆ ಹರಡಿಕೊಂಡು ತೇಲಿದವು. ಚಿನ್ನ ತೇಲುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸುವರ್ಣಕ್ಕ ಕೋಣೆಯಿಂದ ಸೋಪಿನ ನೀರು ತಂದು ಒಂದು ತೊಟ್ಟು ಬಿಟ್ಟರು. ಕಣಗಳೆಲ್ಲ ತಟ್ಟನೆ ತಳಕ್ಕೆ ಹೋದವು.

"ಜಿಡ್ಡುರಿ ಸರ್" ಎಂದರು. "ಜಿಡ್ಡು ಹತ್ತಿದ ಬಂಗಾರಕ್ಕ ನೀರು ಹಿಡಿಯಂಗಿಲ್ಲ. ಸಣ್ಣ ಕಣ ಇದ್ದದ್ದು ತೇಲಿ ಗಟಾರಕ್ಕ ಹೋಗೈತಿ. ನಾ ಕುಂತ ಮರಳಷ್ಟೇ ನೋಡಿದ್ನಿ, ಹರಿಯೋ ನೀರು ನೋಡಲಿಲ್ಲ."

ಯಾರೂ ಕದ್ದಿರಲಿಲ್ಲ. ಆದರೆ ಅಷ್ಟರಲ್ಲಿ ರಾಯರು ಭೀಮಾಶಂಕರನ ಕಡೆ ತಿರುಗಿದರು. ಅವರ ಮುಖ ಕೆಂಪಾಗಿತ್ತು.

"ಗ್ರೀಸು! ಮಿಲ್ಲಿನ ಗ್ರೀಸ್ ಸೋರತೈತಿ, ನೋಡು ಅಂತ ಎಷ್ಟು ಸಲ ಹೇಳೀನಿ ನಿನಗ? ಗ್ರೀಸ್ ಕಲಸಿದ ರವೆ ಕಳಿಸಿ, ಆ ಹೆಣ್ಮಗಳ ಸೆರಗು ಬಿಚ್ಚಿಸಿದ್ಯಲ್ಲೋ!"

"ಇಲ್ಲರಿ ಸಾಹೇಬ್ರ, ದೇವರಾಣಿ..."

"ನಾಳೆಯಿಂದ ಬರಬ್ಯಾಡ. ನಿನ್ನ ಬಾಯಿ ತಗೊಂಡು ಬ್ಯಾರೆ ಕಡೆ ಹೋಗು."

ಅಷ್ಟು ದಿನ ಮಾತಿನಲ್ಲಿ ಚುಚ್ಚಿದ ಭೀಮಾಶಂಕರ ರಾಯರಿಗೆ ಕೈಮುಗಿದ. ಅವನಿಗೆ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ನಾನು ಗದಿಗೆಮ್ಮನನ್ನು ನೋಡಿದೆ. ಅವರು ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಆಮೇಲೆ ತಲೆ ಎತ್ತಿ ಒಂದು ಸಲ ನನ್ನ ಕಡೆ ನೋಡಿದರು. ಬೆಳಗಿನ ಎಣ್ಣೆಯನ್ನು ಕಂಡಿದ್ದವಳು ನಾನೊಬ್ಬಳೇ. ನಾನು ಬಾಯಿ ಬಿಡುವವಳಲ್ಲ ಎಂದು ಅವರಿಗೂ ಗೊತ್ತಿತ್ತು. ಅವರು ಸುಮ್ಮನಿದ್ದರೆ ಅವರ ಮೇಲಿನ ಮಾತು ಅಲ್ಲಿಗೇ ಅಳಿಸಿ ಹೋಗುತ್ತಿತ್ತು, ಮತ್ತು ಅವರನ್ನು ಆಡಿಕೊಂಡವನು ಹೊರಗೆ ಹೋಗುತ್ತಿದ್ದ.

"ಸಾಹೇಬ್ರ" ಎಂದರು ಗದಿಗೆಮ್ಮ. "ಅದು ಗ್ರೀಸ್ ಅಲ್ಲರಿ. ನನ್ನ ಎಣ್ಣಿ."

ರಾಯರಿಗೆ ತಿಳಿಯಲಿಲ್ಲ. ಗದಿಗೆಮ್ಮ ಎಲ್ಲವನ್ನೂ ಹೇಳಿದರು, ಹಬ್ಬದ ದಿನ ಹಚ್ಚಿದ್ದು, ಗೆರೆ ತೆಳ್ಳಗಾದಾಗ ಟೇಬಲ್ಲಿನ ತಾಯಿ ಮುನಿದಳೆಂದು ಮತ್ತೆ ಹಚ್ಚಿದ್ದು. "ನಮ್ಮವ್ವ ಮರಿಗಿಗೆ ಎಣ್ಣಿ ಹಚ್ಚಿ, ಮರುದಿನ ಬೂದಿ, ಅಂಟವಾಳ ಹಾಕಿ ತಿಕ್ಕತಿದ್ಲು. ಅದ್ಯಾಕಂತ ನಾ ಕೇಳಲಿಲ್ಲ. ಅದೊಂದು ಬಿಟ್ಟು, ಎಣ್ಣಿ ಹಚ್ಚೋದಷ್ಟs ಕಲ್ತೀನಿ ನೋಡ್ರಿ. ಮರಾ ಅಷ್ಟೋ ಇಷ್ಟೋ ಎಣ್ಣಿ ಕುಡೀತಿತ್ತು. ಈ ರಬ್ಬರು ಕುಡಿಯಂಗಿಲ್ಲ. ತಪ್ಪು ನಂದು. ಅವನ್ನ ಕೆಲಸದಿಂದ ತಗೀಬ್ಯಾಡ್ರಿ, ನನ್ನ ತಗೀರಿ."

ರಾಯರು ಕಲ್ಲಿನ ಚೀಲದ ಮೇಲೆ ಕೂತುಬಿಟ್ಟರು. ಹೊರಗೆ ರೈಲು ಹೋಯಿತು, ತಗಡು ನಡುಗಿತು.

"ಯಾರನ್ನೂ ಕೆಲಸದಿಂದ ತಗಿಯಂಗಿಲ್ಲ" ಎಂದರು ರಾಯರು ಕೊನೆಗೆ. "ಮೊದಲು ತಿಕ್ರಿ ಅದನ್ನ."

ಎಲ್ಲರೂ ಸೇರಿ ತಿಕ್ಕಿದೆವು. ಸೋಪಿನ ಪುಡಿ, ಬಿಸಿನೀರು, ಬ್ರಷ್ಷು. ರಾಯರು ಅಂಗಿಯ ತೋಳು ಮಡಚಿ ತೊಟ್ಟಿ ತೊಳೆದರು. ಭೀಮಾಶಂಕರ ಟೇಬಲ್ಲಿನ ಆಚೆ ಬದಿಯಲ್ಲಿ ಬಗ್ಗಿಕೊಂಡು ಸಣ್ಣ ದನಿಯಲ್ಲಿ, "ಯಕ್ಕಾ, ಸುಮ್ನಿದ್ದಿದ್ರ ನಡೀತಿತ್ತಲ್ಲ?" ಎಂದ.

"ನಿನ್ನ ಸಲುವಾಗಿ ಹೇಳಿಲ್ಲಪಾ" ಎಂದರು ಗದಿಗೆಮ್ಮ. "ಮಾಡಲಾರದ್ದಕ್ಕ ನಾಕು ಮಂದಿ ಮುಂದ ನಿಂದ್ರೋದು ಹೆಂಗಿರತೈತಿ ಅಂತ ನನಗ ಗೊತ್ತಾಗೇತಿ. ಅದಕ್ಕ ಹೇಳೀನಿ. ಆ ಮೂಲಿ ಬಿಟ್ಟಿ ನೋಡು, ತಿಕ್ಕು."

ಗಣಿಯವರು ಬಂದ ದಿನ ಗದಿಗೆಮ್ಮ ಟೇಬಲ್ಲಿಗೆ ಕೈಮುಗಿದರು, ಎಣ್ಣೆಯ ಬಟ್ಟಲು ತಂದಿರಲಿಲ್ಲ. ಮೋಟಾರು ಸುರುವಾಯಿತು. ಬಿಳಿ ಮರಳು ಇಳಿಯಿತು, ಕರಿ ಮರಳು ಸರಿಯಿತು. ಹಳದಿ ಕಾಣಲಿಲ್ಲ. ಬಂದವರಲ್ಲಿ ಒಬ್ಬರು ಗಡಿಯಾರ ನೋಡಿಕೊಂಡರು. ಗದಿಗೆಮ್ಮನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಅದು ಟೇಬಲ್ಲಿನ ಮೇಲೆ ಬೀಳಬಾರದೆಂದು ಅವರು ತಲೆ ಹಿಂದಕ್ಕೆ ಎಳೆದುಕೊಂಡದ್ದನ್ನು ನಾನು ಕಂಡೆ. ನೀರಿನ ನಲ್ಲಿಯನ್ನು ಒಂದಿಷ್ಟೇ ತಿರುಗಿಸಿದರು. "ಸಾವಕಾಶ" ಎಂದರು.

ಕರಿಯ ಅಂಚಿನಲ್ಲಿ ಗೆರೆ ಮೂಡಿತು. ಮೊದಲು ಬಿಟ್ಟು ಬಿಟ್ಟು, ಆಮೇಲೆ ಒಂದೇ ಎಳೆಯಾಗಿ. ನಾನು ತೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

ಸಂಜೆ ಗಣಿಯವರು ಇನ್ನಷ್ಟು ಚೀಲ ಕಳಿಸುವುದಾಗಿ ಹೇಳಿ ಹೋದರು. ರಾಯರು ಗದಿಗೆಮ್ಮನನ್ನು ಕರೆದು, "ಇನ್ಮ್ಯಾಲೆ ನಿನ್ನ ಝಡ್ತಿ ಇರಂಗಿಲ್ಲ" ಎಂದರು.

"ತೆಗೀಬ್ಯಾಡ್ರಿ ಸಾಹೇಬ್ರ" ಎಂದರು ಗದಿಗೆಮ್ಮ. "ಬಂಗಾರದ ಕೆಲಸ, ಝಡ್ತಿ ಇರಬೇಕು. ಆದ್ರ ಎಲ್ಲಾರದೂ ಆಗ್ಲಿ. ನಿಮ್ಮಿಂದ ಸುರು ಆಗ್ಲಿ."

ಭೀಮಾಶಂಕರ ಕೆಮ್ಮಿದ. ಸುವರ್ಣಕ್ಕ ನನ್ನ ಕೈ ಹಿಡಿದುಕೊಂಡರು. ರಾಯರು ಬಾಗಿಲಿಗೆ ನಡೆದು ಜೇಬು ಹೊರಗೆ ತೆಗೆದು ಜಾಡಿಸಿದರು. ಕರವಸ್ತ್ರ, ಸ್ಕೂಟರಿನ ಚಾವಿ, ಕರಗಿ ಕಾಗದಕ್ಕೆ ಅಂಟಿಕೊಂಡ ಪೆಪ್ಪರ್‌ಮೆಂಟು.

"ಸಾಹೇಬ್ರ ಹಂತ್ಯಾಕ ಬಂಗಾರ ಇಲ್ಲ, ಸಕ್ರಿ ಐತಿ" ಎಂದ ಭೀಮಾಶಂಕರ. ಹಬ್ಬದ ನಂತರ ಗದಿಗೆಮ್ಮ ನಕ್ಕದ್ದು ಆಗಲೇ.

ಈಗ ದಿನವೂ ಬಾಗಿಲಲ್ಲಿ ರಾಯರೇ ಮೊದಲು ಜೇಬು ಜಾಡಿಸುತ್ತಾರೆ. ಗದಿಗೆಮ್ಮ ದೀಪ ಹಚ್ಚುವುದನ್ನು ಬಿಟ್ಟಿಲ್ಲ, ಆದರೆ ಅದನ್ನು ಕಿಟಕಿಯಲ್ಲಿ ಇಡುತ್ತಾರೆ. ಶೆಡ್ಡಿನ ಮಾಲೀಕ ಆಗಾಗ ಬಂದು ಜಾಗ ಅಳೆದು ನೋಡಿ ಹೋಗುತ್ತಾನೆ.

ನಾಳೆ ಊಟದ ಹೊತ್ತಿನಲ್ಲಿ ಇದನ್ನು ಗದಿಗೆಮ್ಮನಿಗೆ ಓದಿ ಹೇಳುತ್ತೇನೆ. ಅವರು ಬೇಡ ಎಂದ ಸಾಲು ತೆಗೆದು, ಆ ಪುಟವನ್ನು ಮತ್ತೆ ಬರೆದು ಅಂಚೆಗೆ ಹಾಕುತ್ತೇನೆ. ಆಮೇಲೆ ಟೇಬಲ್ಲನ್ನು ಸೋಪು ಹಾಕಿ ತೊಳೆಯುತ್ತೇನೆ. ನಾಳೆ ಅದರ ಪಾಳಿ ನನ್ನದು.